ಸಂಪಾದಕರ ಉತ್ತರ: ಸೀಟಿ ಹಿಡಿದವನ ಕೆಲಸ ಏನು?

ಶಿರಸಿಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಹೀಗಿದೆ:

"ರಜೆಯಲ್ಲಿ ಅಕ್ಕನ ಮಕ್ಕಳು, ಭಾವನ ಮನೆಯವರು ಎಲ್ಲ ಸೇರಿ 11 ಜನ ಘಟ್ಟ ಇಳಿದು ಒಂದು ಪೇಂಟ್‌ಬಾಲ್ (ಬಣ್ಣ ತುಂಬಿದ ಸಣ್ಣ ಬಾಲನ್ನು ಗನ್ನಿನಿಂದ ಹೊಡೆದು ಎದುರಿನವರನ್ನು ಔಟ್ ಮಾಡುವ ಆಟ) ಮೈದಾನಕ್ಕೆ ಹೋಗಿದ್ದೆವು. ಎದುರು ತಂಡದವರು ಕಾಲೇಜು ಹುಡುಗರು. ಬಣ್ಣ ತಾಗಿದರೂ ಒರೆಸಿಕೊಂಡು ಆಡುತ್ತಿದ್ದರು. ರೆಫರಿ ಅಂತ ಇದ್ದ ಹುಡುಗ ಆಟದಲ್ಲಿ ಮರೆಗೆ ಇಟ್ಟ ಒಂದು ಡ್ರಮ್ಮಿಗೆ ಒರಗಿ ಮೊಬೈಲ್ ನೋಡುತ್ತಿದ್ದ. ನನ್ನ 14 ವರ್ಷದ ಮಗಳು ಔಟಾಗಿ ಕೈ ಎತ್ತಿ ಹೊರಗೆ ಬರುತ್ತಿದ್ದಾಗ ಮತ್ತೆ ಮೂರು ಏಟು ಬಿತ್ತು, ಒಂದು ಕುತ್ತಿಗೆಗೆ. ಕೇಳಿದರೆ 'ಆಟ ಅಂದ್ರೆ ಹಾಂಗೇ' ಅಂದ. ಮುಂದಿನ ಸುತ್ತಿನಲ್ಲಿ ಮಾಸ್ಕಿನೊಳಗೆ ಮಬ್ಬು ಹಿಡಿದು ಏನೂ ಕಾಣದೆ ಅವಳು ಮಾಸ್ಕ್ ಎತ್ತಿದಳು. ಆಗ ಅದೇ ಹುಡುಗ ಓಡಿ ಬಂದು 'ತಲೆ ಇಲ್ವಾ ನಿಂಗೆ' ಅಂತ ಎಲ್ಲರೆದುರು ಕೂಗಿದ. ಅವಳು ಅತ್ತುಬಿಟ್ಟಳು. ತಲೆಗೆ 50 ಬಾಲ್ ಅಂತ ಟಿಕೆಟ್ ಕೊಟ್ಟಿದ್ದರು, ಹತ್ತು ನಿಮಿಷಕ್ಕೆ ಖಾಲಿ. ಮೇಲಿನ ಬಾಲಿಗೆ ಬಾಯಿಗೆ ಬಂದ ರೇಟು. ಕೌಂಟರಿನಲ್ಲಿ ಜಗಳ ತೆಗೆದರೆ 'ಫಾರ್ಮಿಗೆ ಸಹಿ ಹಾಕಿದ್ದೀರಲ್ಲ' ಅಂದರು. ನಾನೇ ಜಾಸ್ತಿ ಮಾಡಿದೆನಾ, ಅಥವಾ ಇದನ್ನು ಕೇಳುವವರು ಯಾರಾದರೂ ಇದ್ದಾರಾ?"

ಆತ್ಮೀಯರೇ,

ನೀವು ಜಾಸ್ತಿ ಮಾಡಿಲ್ಲ. ಕೇಳಬೇಕಾದ್ದನ್ನೇ ಕೇಳಿದ್ದೀರಿ. ಆದರೆ ಒಂದು ವಿಷಯದಲ್ಲಿ ನಾನು ಆ ಹುಡುಗನ ಪರ ಇದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಬೇಸರವಾದರೂ ಪರವಾಗಿಲ್ಲ.

ಮಾಸ್ಕ್ ಎತ್ತಿದವರನ್ನು ಕಂಡರೆ ಕೂಗಲೇಬೇಕು. ಆ ಬಾಲ್ ನೋಡಲು ಮಕ್ಕಳಾಡುವ ಗೋಲಿಯ ಹಾಗೆ ಇರುತ್ತದೆ. ಅಡ್ಡಗಲ 17 ಮಿಲಿಮೀಟರ್, ತೂಕ 3 ಗ್ರಾಂ ಆಸುಪಾಸು. ಮೇಲೆ ಮಾತ್ರೆಯ ಕ್ಯಾಪ್ಸೂಲಿನ ಹಾಗೆ ಜೆಲಟಿನ್ ಸಿಪ್ಪೆ, ಒಳಗೆ ನೀರು ಹಾಕಿದರೆ ತೊಳೆದುಹೋಗುವ ಬಣ್ಣ. ಆದರೆ ಗನ್ನಿನ ಬಾಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ 280 ಅಡಿ ಮುಟ್ಟಬಹುದು. ಅಂದರೆ ಗಂಟೆಗೆ 300 ಕಿಲೋಮೀಟರ್ ದಾಟಿತು. ಕ್ರಿಕೆಟ್ ಬಾಲ್ ಮುಖಕ್ಕೆ ಬಡಿದರೆ ಕಣ್ಣಿನ ಸುತ್ತಲಿನ ಎಲುಬು ಸ್ವಲ್ಪವಾದರೂ ತಡೆಯುತ್ತದೆ. ಇದು ಕಣ್ಣಿನ ಗೂಡಿನೊಳಗೇ ನುಗ್ಗುವಷ್ಟು ಸಣ್ಣದು. ಒಂದೇ ಏಟಿಗೆ ದೃಷ್ಟಿ ಹೋದವರಿದ್ದಾರೆ. ಹಾಗಾಗಿ ಆ ಹೊತ್ತಿನಲ್ಲಿ ನಯವಾಗಿ ಮಾತಾಡುತ್ತ ಕೂರಲು ಆಗುವುದಿಲ್ಲ. ಸೀಟಿ ಊದಬೇಕು, ಎಲ್ಲರ ಗನ್ನು ನೆಲಕ್ಕೆ ತಿರುಗಿಸಬೇಕು, 'ಮಾಸ್ಕ್ ಇಳಿಸು' ಅಂತ ಗಂಟಲು ಹರಿಯುವ ಹಾಗೆ ಕೂಗಬೇಕು. ಅವನು ಓಡಿ ಬಂದನಲ್ಲ, ಅದು ಸರಿ.

'ತಲೆ ಇಲ್ವಾ' ಅಂದಿದ್ದು ಮಾತ್ರ ಸರಿಯಲ್ಲ. ಆ ಮಾತಿನಿಂದ ಕಣ್ಣು ಉಳಿಯಲಿಲ್ಲ, ಮಗು ಅತ್ತಿತು ಅಷ್ಟೇ. ಹತ್ತಿರ ಬಂದು ಅಂಗೈಯಿಂದ ಅವಳ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು, ಮೈದಾನದ ಸುತ್ತಲಿನ ಬಲೆಯ ಆಚೆಗೆ ಕರೆದುಕೊಂಡು ಹೋಗಿ, ಅಲ್ಲಿ ಮಾಸ್ಕ್ ತೆಗೆಸಿ ಒರೆಸಿ ಕೊಡಬೇಕಿತ್ತು. ಎರಡು ನಿಮಿಷದ ಕೆಲಸ.

ಇನ್ನು, ಅವಳು ಮಾಸ್ಕ್ ಎತ್ತಿದ್ದಾದರೂ ಯಾಕೆ? ನನಗೆ ಮುಖ್ಯ ಅನಿಸುವುದು ಇದು. ನಮ್ಮ ಕರಾವಳಿಯ ಸೆಖೆ ನಿಮಗೆ ಗೊತ್ತು. ಕಾರವಾರದಲ್ಲಿ ಮೇ ತಿಂಗಳಲ್ಲಿ ನೆರಳಲ್ಲಿ ಸುಮ್ನೆ ಕೂತರೂ ಅಂಗಿ ಬೆನ್ನಿಗೆ ಅಂಟುತ್ತದೆ. ಅಂಥದ್ದರಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಓಡಿದರೆ ಉಸಿರು, ಬೆವರು ಎರಡೂ ಸೇರಿ ಗಾಜು ಬೆಳ್ಳಗಾಗುತ್ತದೆ. ಮೊದಲು ಅಂಚಿನಲ್ಲಿ, ಆಮೇಲೆ ಮೂಗಿನ ಎದುರು, ಕೊನೆಗೆ ಪೂರ್ತಿ. ಏನೂ ಕಾಣುವುದಿಲ್ಲ, ಸುತ್ತಲೂ ಟಪಟಪ ಸದ್ದು ಮಾತ್ರ. 14 ವರ್ಷದ ಹುಡುಗಿಯ ಕೈ ತಾನಾಗಿ ಮಾಸ್ಕಿಗೆ ಹೋಗುತ್ತದೆ. ದೊಡ್ಡವರ ಕೈಯೂ ಹೋಗುತ್ತದೆ.

ಇದಕ್ಕೆ ಪರಿಹಾರ ಇದೆ. ಎರಡು ಪದರದ ಗಾಜಿನ ಮಾಸ್ಕ್ ಸಿಗುತ್ತದೆ, ನಡುವೆ ಗಾಳಿ ಇರುತ್ತದೆ, ಅಷ್ಟು ಬೇಗ ಮಬ್ಬು ಹಿಡಿಯುವುದಿಲ್ಲ. ಒಂದೇ ಪದರದ್ದು ಅಗ್ಗ. ನಮ್ಮಂಥ ಊರಿನಲ್ಲಿ ಮೈದಾನ ಇಟ್ಟವರು ಅಗ್ಗದ್ದು ಕೊಂಡರೆ ಮಕ್ಕಳು ಮಾಸ್ಕ್ ಎತ್ತದೆ ಇನ್ನೇನು ಮಾಡುತ್ತಾರೆ? ಜೊತೆಗೆ ಆಟಕ್ಕೆ ಮೊದಲು ಯಾರಾದರೂ ನಿಮಗೆ ಹೇಳಿದರಾ: ಮಬ್ಬು ಹಿಡಿದರೆ ಮಾಸ್ಕ್ ಮುಟ್ಟಬೇಡಿ, ಕೈ ಎತ್ತಿ ಕರೆಯಿರಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂತ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಹೇಳಿಲ್ಲ ಅಂತಲೇ ನಾನು ಅಂದುಕೊಂಡಿದ್ದೇನೆ. ಹೇಳದ ನಿಯಮ ಮುರಿದಳು ಅಂತ ಬೈದರೆ ಅದು ಅನ್ಯಾಯ.

ಎರಡು ವರ್ಷದ ಹಿಂದೆ ನಮ್ಮ ಕಚೇರಿಯವರು ಮಕ್ಕಳನ್ನು ಕರೆದುಕೊಂಡು ಬೇರೊಂದು ಕಡೆ ಇದೇ ಆಟಕ್ಕೆ ಹೋಗಿದ್ದೆವು. ಅಲ್ಲಿದ್ದ ರೆಫರಿ ನಲವತ್ತು ದಾಟಿದ ಹೆಂಗಸು. ಗನ್ನು ಕೊಡುವ ಮೊದಲು ಮಕ್ಕಳನ್ನು ಸುತ್ತ ಕೂರಿಸಿಕೊಂಡರು. ಒಂದು ಬಾಲ್ ತೆಗೆದು ಬೆರಳಲ್ಲಿ ಹಿಸುಕಿದರು. ಪಚಕ್ ಅಂತ ಒಡೆದು ಕೈಯೆಲ್ಲ ಕಿತ್ತಳೆ ಬಣ್ಣ. 'ಮುಟ್ಟಿ ನೋಡಿ' ಅಂದರು. ಆಮೇಲೆ ಒಂದು ತಗಡಿನ ಹಾಳೆಗೆ ಗುರಿಯಿಟ್ಟು ಹೊಡೆದರು. ತಗಡು ಢಣ್ ಅಂತು, ಮಕ್ಕಳು ಬೆಚ್ಚಿಬಿದ್ದರು. 'ಕೇಳ್ತಾ? ಇದು ಕಣ್ಣಿಗೆ ಬಿದ್ರೆ ಏನಾಗ್ತದೆ ಹೇಳಿ' ಅಂದರು. ಯಾರೂ ಮಾತಾಡಲಿಲ್ಲ. ಆ ಮಧ್ಯಾಹ್ನ ನಮ್ಮ ಒಂದು ಮಗುವೂ ಮಾಸ್ಕಿಗೆ ಕೈ ಹಾಕಲಿಲ್ಲ. ಅವರು ಒಮ್ಮೆಯೂ ಬೈಯಬೇಕಾಗಿ ಬರಲಿಲ್ಲ. ನಾವು ದುಡ್ಡು ಕೊಡುವುದು ಇಂಥವರು ಅಲ್ಲಿ ಇರಲಿ ಅಂತ. ಗನ್ನು, ಬಾಲ್, ಡ್ರಮ್ಮು ಎಲ್ಲ ಆಮೇಲಿನ ಮಾತು.

ಕೈ ಎತ್ತಿದವಳಿಗೆ ಮೂರು ಏಟು ಬಿದ್ದ ವಿಷಯಕ್ಕೆ ಬರುತ್ತೇನೆ. 'ಆಟ ಅಂದ್ರೆ ಹಾಂಗೇ' ಅಂದನಲ್ಲ, ಖಂಡಿತ ಹಾಗಲ್ಲ. ಬಾಲ್ ಮೈಮೇಲೆ ಒಡೆದು ಬಣ್ಣ ಕೂತರೆ ಔಟು. ಬಡಿದು ಒಡೆಯದೆ ಪುಟಿದು ಹೋದರೆ ಔಟಲ್ಲ. ಮರಕ್ಕೋ ಡ್ರಮ್ಮಿಗೋ ಒಡೆದು ಸಿಡಿದ ಹನಿ ತಾಗಿದರೂ ಔಟಲ್ಲ. ಅನುಮಾನ ಬಂದರೆ ಆಟಗಾರ ಪೇಂಟ್ ಚೆಕ್ ಅಂತ ಕೂಗುತ್ತಾನೆ, ರೆಫರಿ ಬಂದು ಬೆನ್ನು, ತೋಳು ನೋಡಿ ಹೇಳುತ್ತಾನೆ. ಔಟಾದವರು ಕೈ ಎತ್ತಿ ಹೊರಟ ಮೇಲೆ ಅವರ ಕಡೆ ಗನ್ನು ತಿರುಗಿಸುವಂತಿಲ್ಲ. ತೀರಾ ಹತ್ತಿರದಿಂದ ಹೊಡೆಯಬಾರದು, ಶರಣಾಗು ಅಂತ ಕೇಳಬೇಕು ಎಂಬ ನಿಯಮವನ್ನೂ ಬಹಳ ಕಡೆ ಇಟ್ಟುಕೊಳ್ಳುತ್ತಾರೆ. ಇದನ್ನೆಲ್ಲ ನಡೆಸಿಕೊಡಲಿಕ್ಕೇ ಅಲ್ವಾ ಅಲ್ಲಿ ಒಬ್ಬ ನಿಂತಿರುವುದು?

ಈ ಆಟ ಹುಟ್ಟಿದ ಬಗೆ ನಿಮಗೆ ಹಿಡಿಸಬಹುದು, ನೀವು ಕಾಡಿನ ಸೀಮೆಯವರು. ಆ ಗನ್ನು ಮೊದಲು ಮಾಡಿದ್ದು ಅಮೆರಿಕದಲ್ಲಿ, ಕಡಿಯಬೇಕಾದ ಮರಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕಲು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಎಂಬಲ್ಲಿ 12 ಜನ ಅದನ್ನು ಹಿಡಿದು ಕಾಡಿಗೆ ನುಗ್ಗಿದರು. ಬೇರೆ ಬೇರೆ ಕಡೆ ಇಟ್ಟ ಬಾವುಟಗಳನ್ನು ತರುವುದು ಆಟ. ಗೆದ್ದವರು ರಿಚಿ ವೈಟ್ ಎಂಬ ಕಾಡಿನ ಕೆಲಸದವರು. ಅವರು ಇಡೀ ಆಟದಲ್ಲಿ ಒಂದು ಬಾಲನ್ನೂ ಹಾರಿಸಲಿಲ್ಲ. ಸದ್ದಿಲ್ಲದೆ ನಡೆದು ಬಾವುಟ ತಂದರು. ಯಾರಿಗಾದರೂ ಜೋರಾಗಿ ಹೊಡೆಯುವುದೇ ಈ ಆಟ ಅಂತ ತಿಳಿದ ಕಾಲೇಜು ಹುಡುಗರಿಗೆ ಇದನ್ನು ಹೇಳುವವರು ಬೇಕು.

ಒರೆಸಿಕೊಳ್ಳುವ ಹುಡುಗರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಗದ್ದೆ ಕೊಯ್ಲಾದ ಮೇಲೆ ಕ್ರಿಕೆಟ್ ಆಡಿದವರು ನಾವು. ಬ್ಯಾಟಿಂಗ್ ಮಾಡುವ ತಂಡದವನೇ ಅಂಪೈರ್, ಎಲ್‌ಬಿಡಬ್ಲ್ಯು ಅನ್ನುವುದು ಇಲ್ಲವೇ ಇಲ್ಲ. ನೋಡುವವರು ಇಲ್ಲದ ಕಡೆ ಆ ವಯಸ್ಸಿನವರು ಹಾಗೆ ಮಾಡುತ್ತಾರೆ. ಆದರೆ ಅದು ನಮ್ಮ ಗದ್ದೆ, ನಮ್ಮ ಪುಕ್ಕಟೆ ಆಟ. ಟಿಕೆಟ್ ಹರಿದು ಕೊಟ್ಟ ಮೇಲೆ ನೋಡುವವನು ನೋಡಲೇಬೇಕು.

ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರನ್ನು ನೆನಪಿಸಿಕೊಳ್ಳಿ. ಜನ ನೋಡುವುದು ವೇಷವನ್ನು. ಆದರೆ ವೇಷ ಯಾವಾಗ ಬರಬೇಕು, ಎಷ್ಟು ಕುಣಿಯಬೇಕು ಎಲ್ಲ ತಾಳ ಹಿಡಿದವರ ಕೈಯಲ್ಲಿ. ಒಬ್ಬ ವೇಷಧಾರಿ ಮಾತು ಎಳೆಯುತ್ತ ಹೋದರೆ ಅವರು ಬೈಯುವುದಿಲ್ಲ, ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಮಾತು ನಿಲ್ಲುತ್ತದೆ, ಯಾರ ಮರ್ಯಾದೆಯೂ ಹೋಗುವುದಿಲ್ಲ. ರೆಫರಿಗೆ ಬೇಕಾದ್ದು ಆ ಕಣ್ಣು. ಎರಡನೇ ಸಲ ಒರೆಸಿಕೊಂಡವನ ಹೆಗಲ ಮೇಲೆ ಕೈ ಇಟ್ಟು 'ಬಾ ತಮ್ಮಾ, ಈ ಸುತ್ತು ಸಾಕು' ಅಂತ ಹೊರಗೆ ಕರೆದುಕೊಂಡು ಬಂದರೆ ಮುಗಿಯಿತು.

ಈಗ ಆ ಹುಡುಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಥ ಕಡೆ ರೆಫರಿ ಅಂತ ಇರುವವನೇ ಬೆಳಿಗ್ಗೆ ಗನ್ನಿನ ಸಿಲಿಂಡರಿಗೆ ಗ್ಯಾಸ್ ತುಂಬುತ್ತಾನೆ, ಮಾಸ್ಕ್ ತೊಳೆಯುತ್ತಾನೆ, ಗನ್ನಿನ ಬಾಯಲ್ಲಿ ಒಡೆದ ಬಾಲ್ ಕೆರೆದು ತೆಗೆಯುತ್ತಾನೆ, ಪಾರ್ಕಿಂಗಿನಲ್ಲಿ ಕಾರು ಹಿಂದೆ ತೆಗೆಸುತ್ತಾನೆ. ಸಂಜೆವರೆಗೆ ಬಿಸಿಲಲ್ಲೇ ಇರುತ್ತಾನೆ. ಕುಡಿದು ಬಂದವರ ಕೈಲಿ ಬೈಸಿಕೊಳ್ಳುತ್ತಾನೆ. ತರಬೇತಿ ಅಂತ ಯಾರೂ ಕೊಟ್ಟಿರುವುದಿಲ್ಲ, ಹಿಂದಿನವನು ಕೆಲಸ ಬಿಟ್ಟು ಹೋಗುವಾಗ ಸೀಟಿ ಕೈಗೆ ಕೊಟ್ಟಿರುತ್ತಾನೆ. ನೀವು ದೂರು ಕೊಟ್ಟರೆ ಅವನನ್ನು ತೆಗೆದುಹಾಕಿ ಇನ್ನೊಬ್ಬ ಅಂಥವನನ್ನೇ ತರುತ್ತಾರೆ. ಹಾಗಾಗಿ ನಿಮ್ಮ ದೂರು ಅವನ ಹೆಸರಿಗೆ ಇರಬಾರದು, ಮಾಲೀಕರ ಹೆಸರಿಗೆ ಇರಬೇಕು ಅಂತ ನಾನು ಕಳಕಳಿಯಿಂದ ಕೇಳುತ್ತೇನೆ.

ಮಾಲೀಕರನ್ನು ಕೇಳಲು ಬೇಕಾದಷ್ಟಿದೆ. ಗನ್ನಿನ ವೇಗ ಅಳೆಯಲು ಕ್ರೋನೋಗ್ರಾಫ್ ಅಂತ ಒಂದು ಯಂತ್ರ ಬರುತ್ತದೆ, ಅದು ಇತ್ತಾ? ಕಾಲೇಜು ಹುಡುಗರ ಗನ್ನನ್ನು ಅಳೆದಿದ್ದರಾ? ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಗನ್ನಾದರೆ ಬಿಸಿಲು ಏರಿದ ಹಾಗೆ ಒತ್ತಡ ಏರುತ್ತದೆ, ವೇಗವೂ ಏರುತ್ತದೆ. ಬೆಳಿಗ್ಗೆ ಒಮ್ಮೆ ಅಳೆದು ಬಿಟ್ಟರೆ ಸಾಲದು, ಮಧ್ಯಾಹ್ನ ಮತ್ತೆ ನೋಡಬೇಕು. ಬಾಲ್ ಎಲ್ಲಿ ಇಟ್ಟಿದ್ದರು? ಜೆಲಟಿನ್ ಸಿಪ್ಪೆ ನಮ್ಮ ಹವೆಯಲ್ಲಿ ಹಪ್ಪಳದ ಹಾಗೆ ತೇವ ಎಳೆದುಕೊಳ್ಳುತ್ತದೆ. ಉಬ್ಬಿದ ಬಾಲ್ ಗನ್ನಿನೊಳಗೇ ಒಡೆಯುತ್ತದೆ, ಇಲ್ಲ ಅಡ್ಡಾದಿಡ್ಡಿ ಹೋಗುತ್ತದೆ. ಹಳತಾದದ್ದು ಗಟ್ಟಿಯಾಗಿರಬಹುದು. ಆಗ ಮೈಗೆ ಬಡಿದರೂ ಒಡೆಯುವುದಿಲ್ಲ, ನೋವು ಮಾತ್ರ ಜಾಸ್ತಿ. ನಿಮ್ಮ ಮಗಳ ಕುತ್ತಿಗೆಗೆ ಬಿದ್ದದ್ದು ಒಡೆದಿತ್ತಾ, ಕೇಳಿ ನೋಡಿ. ಕುತ್ತಿಗೆಗೆ ಒಂದು ಪಟ್ಟಿ ಕೊಡುತ್ತಾರೆ, ಅದನ್ನೂ ಕೊಟ್ಟಿರಲಿಕ್ಕಿಲ್ಲ.

50 ಬಾಲ್ ಹತ್ತು ನಿಮಿಷಕ್ಕೆ ಮುಗಿಯುವುದು ಸಹಜ. ಹೊಸಬರ ಕೈಯಲ್ಲಿ ಇನ್ನೂ ಬೇಗ ಮುಗಿಯುತ್ತದೆ. ಮೈದಾನದವರ ಲಾಭ ಇರುವುದೇ ಮೇಲಿನ ಬಾಲಿನಲ್ಲಿ, ಅದು ತಪ್ಪೇನಲ್ಲ. ದರ ಬರೆದು ಹಾಕದೆ, ಮಕ್ಕಳು ಒಳಗೆ ಹೋದ ಮೇಲೆ ಬಾಯಲ್ಲಿ ಹೇಳುವುದು ತಪ್ಪು.

ಸಹಿಯ ಮಾತು. ಆ ಫಾರ್ಮಿನಲ್ಲಿ ನೀವು ಒಪ್ಪಿದ್ದು ಈ ಆಟದಲ್ಲಿ ಏಟು ಬೀಳುತ್ತದೆ ಎಂಬುದನ್ನು. ರೆಫರಿ ಮೊಬೈಲ್ ನೋಡಬಹುದು ಎಂದು ನೀವು ಒಪ್ಪಿಲ್ಲ. ಇದು ಸೇವಾ ನ್ಯೂನತೆ, ಅಂದರೆ ದುಡ್ಡು ಪಡೆದು ಕೊಡಬೇಕಾದ ಸೇವೆಯನ್ನು ಸರಿಯಾಗಿ ಕೊಡದಿರುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ನೀವು ಕೊಟ್ಟ ಹಣ 5 ಲಕ್ಷದೊಳಗೆ ಇರುವುದರಿಂದ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹೋದರೆ ಆಯಿತು. ಬಿಲ್ ಕೊಡದಿದ್ದರೆ ಅದೂ ಒಂದು ದೂರೇ. ಆದರೆ ಅದಕ್ಕೂ ಮೊದಲು ಮಾಲೀಕರಿಗೆ ಒಂದು ಪತ್ರ ಬರೆಯಿರಿ, ನಮಗೆ ಬರೆದ ಹಾಗೇ, ಅಷ್ಟೇ ನೇರವಾಗಿ. ದಿನ, ಹೊತ್ತು, ಎಷ್ಟು ಜನ, ಎಷ್ಟು ಹಣ, ಎಲ್ಲ ಹಾಕಿ. ಕುತ್ತಿಗೆಯ ಗಾಯದ ಫೋಟೋ ಇದ್ದರೆ ಜೊತೆಗಿಡಿ. ಅವರು ಏನು ಉತ್ತರ ಕೊಟ್ಟರೂ ನಮಗೆ ಕಳಿಸಿ, ಪ್ರಕಟಿಸುತ್ತೇವೆ.

ಮಗಳು ಇನ್ನು ಆ ಆಟ ಬೇಡ ಅಂದಿದ್ದಾಳೆ ಅಂತ ಬರೆದಿದ್ದೀರಿ. ಒತ್ತಾಯ ಮಾಡಬೇಡಿ. ಆದರೆ ಮಾಸ್ಕ್ ಮಬ್ಬು ಹಿಡಿದಿದ್ದು ಅವಳ ತಪ್ಪಲ್ಲ ಅಂತ ಅವಳಿಗೆ ಈ ಪುಟ ಓದಿಸಿ. ಯಾವತ್ತಾದರೂ ಅವಳಾಗಿ ಹೋಗೋಣ ಅಂದರೆ ನಮ್ಮ ಕಚೇರಿಗೆ ಒಂದು ಫೋನ್ ಮಾಡಿ. ಬಾಲ್ ಹಿಸುಕಿ ತೋರಿಸಿದ ಆ ರೆಫರಿ ಎಲ್ಲಿದ್ದಾರೆ ಅಂತ ಹೇಳುತ್ತೇನೆ.