ಮಲ್ಪೆಯ ಹುಡುಗಿ ಗಗನಯಾತ್ರಿ ಆಗಬಹುದಾ?

ಪ್ರಶ್ನೆ: ನಾನು ಮಲ್ಪೆಯಲ್ಲಿ ಬೋಟ್ ತಾಂಡೇಲ. ಮಗಳು ಉಡುಪಿಯಲ್ಲಿ ಮೊದಲ ಪಿಯುಸಿ, ಪಿಸಿಎಂಬಿ. ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಅವಳಿಗೆ ಒಂದೇ ಹಟ. ಮೊದಲು ಫೈಟರ್ ಪೈಲಟ್, ಆಮೇಲೆ ಗಗನಯಾತ್ರಿ ಅಂತಾಳೆ. ಮೀನುಗಾರರ ಮನೆಯವರಿಗೆ ಇದೆಲ್ಲ ಯಾಕೆ ಎನ್ನುತ್ತಾರೆ ನೆಂಟರು. ಒಂದು ಕೋಚಿಂಗ್‌ನವರು 'ಗಗನಯಾತ್ರಿ ಕೋರ್ಸ್' ಇದೆ, ದೊಡ್ಡ ಮೊತ್ತ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಬೇಕಾ ಸರ್?

ಉತ್ತರ: ಕಟ್ಟಬೇಡಿ. ನಮ್ಮ ದೇಶದಲ್ಲಿ ದುಡ್ಡು ಕಟ್ಟಿ ಓದಿ ಗಗನಯಾತ್ರಿ ಆಗುವ ಕೋರ್ಸ್ ಇಲ್ಲ. ನಿಮ್ಮ ಮಗಳು ಹೇಳುವ ದಾರಿಗೆ ಮನೆಯ ದುಡ್ಡು ಜಾಸ್ತಿ ಬೇಕಾಗಿಯೂ ಇಲ್ಲ. ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಪರೀಕ್ಷೆಗೆ ಹೆಣ್ಣುಮಕ್ಕಳಿಂದ ಅರ್ಜಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆಯ್ಕೆಯಾದರೆ ತರಬೇತಿಯ ಖರ್ಚು ಸರ್ಕಾರದ್ದು.

ನಾನು ವಾಯುಪಡೆಯಲ್ಲಿ ವಿಮಾನಗಳ ರಿಪೇರಿ, ತಪಾಸಣೆ ಮಾಡುತ್ತಿದ್ದವನು. ಹಾರಿಸಿದವನಲ್ಲ, ಹಾರಿಸುವವರನ್ನು ಹತ್ತಿರದಿಂದ ನೋಡಿದವನು. ಈಗ ಮಂಗಳೂರಿನಲ್ಲಿ ಮಕ್ಕಳಿಗೆ ಈ ದಾರಿಯ ಬಗ್ಗೆ ಹೇಳಿಕೊಡುತ್ತೇನೆ. ಹಾಗಾಗಿ ಮೊದಲು ದಾರಿ ಹೇಳುತ್ತೇನೆ.

ಎರಡನೇ ಪಿಯುಸಿಯಲ್ಲಿರುವಾಗಲೇ ಎನ್‌ಡಿಎ ಬರೆಯಬಹುದು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ವಾಯುಪಡೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಬೇಕು, ಅವಳಿಗೆ ಮೂರೂ ಇವೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದಿದ್ದರೆ ಈಗಿನಿಂದಲೇ ದಿನಾ ಇಂಗ್ಲಿಷ್ ಓದಲಿ. ಬರವಣಿಗೆಯಲ್ಲಿ ಪಾಸಾದವರಿಗೆ ಐದು ದಿನದ ಸಂದರ್ಶನ. ಅದನ್ನು ನಡೆಸುವ ವಾಯುಪಡೆಯ ಒಂದು ಮಂಡಳಿ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಪೈಲಟ್ ಆಗುವವರಿಗೆ ಕಂಪ್ಯೂಟರ್ ಮೇಲೆ ಒಂದು ಪರೀಕ್ಷೆ ಇರುತ್ತದೆ. ಕೈ, ಕಣ್ಣು, ಕಾಲು ಒಟ್ಟಿಗೆ ಕೆಲಸ ಮಾಡುತ್ತವಾ ಎಂದು ನೋಡುತ್ತಾರೆ. ಅದರಲ್ಲಿ ಒಮ್ಮೆ ಫೇಲಾದರೆ ಜೀವನದಲ್ಲಿ ಮತ್ತೆ ಅವಕಾಶ ಇಲ್ಲ. ಜ್ವರ ಇದ್ದಾಗ, ನಿದ್ದೆಗೆಟ್ಟು ಹೋಗಿ ಕೂರಬಾರದು.

ಹೆಣ್ಣುಮಕ್ಕಳಿಗೆ ಎನ್‌ಡಿಎ ಬಾಗಿಲು ತೆರೆದದ್ದೇ ಈಚೆಗೆ. 2022ರಲ್ಲಿ ಸೇರಿದ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು. ಪೈಲಟ್ ಸೀಟುಗಳು ತುಂಬಾ ಕಡಿಮೆ, ಇದನ್ನು ಅವಳಿಗೆ ಮುಚ್ಚಿಡಬೇಡಿ. ಸಿಗದಿದ್ದರೆ ಡಿಗ್ರಿ ಮುಗಿಸಿ ವಾಯುಪಡೆ ಅಧಿಕಾರಿಗಳ ಆಯ್ಕೆಗೆ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆ ಬರೆಯಬಹುದು. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. ಆಗ ಹೆಣ್ಣುಮಕ್ಕಳಿಗೆ ಎನ್‌ಡಿಎ ಇರಲೇ ಇಲ್ಲ. ಅವರು ಡಿಗ್ರಿ ಮುಗಿಸಿಯೇ ಬಂದವರು.

ಎನ್‌ಡಿಎ ಮೂರು ವರ್ಷ. ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿ. ಫೈಟರ್‌ಗೆ ಆಯ್ಕೆಯಾದವರು ಮುಂದೆ ಹಾಕ್ ಜೆಟ್ ಕಲಿಯಲು ಬರುವುದು ನಮ್ಮ ಬೀದರ್‌ಗೆ. ನಾನು ಅವರನ್ನು ನೋಡಿದ್ದು ಅಲ್ಲೇ.

ಒಂದು ಬೆಳಿಗ್ಗೆ ಹಾಕ್ ಬಂದು ನಿಂತಿತು. ಏಣಿ ಹಾಕಿ ಹತ್ತಿದೆ. ಹುಡುಗ ಮಾಸ್ಕ್ ತೆಗೆದ. ಮೂಗಿನಿಂದ ಗಲ್ಲದವರೆಗೆ ಕೆಂಪಗೆ ಮಾಸ್ಕಿನ ಅಚ್ಚು. ಕೂದಲು ಈಗಷ್ಟೇ ತಲೆಗೆ ನೀರು ಹಾಕಿಕೊಂಡ ಹಾಗೆ ಒದ್ದೆ. ಇಳಿಯುವಾಗ ಕಾಲು ಸಣ್ಣಗೆ ನಡುಗುತ್ತಿತ್ತು. ನೇರ ಹೋಗಿ ನೀರು ಕುಡಿಯಬಹುದಿತ್ತು. ಅವನು ಫಾರ್ಮ್ 700 ಕೇಳಿದ. ವಿಮಾನದ ದೂರುಗಳನ್ನು ಬರೆಯುವ ಪುಸ್ತಕ ಅದು. ಇಷ್ಟು ಎತ್ತರ, ಇಷ್ಟು ವೇಗ, ಎಡಕ್ಕೆ ತಿರುಗುವಾಗ ಮಾತ್ರ ಸಣ್ಣ ಕಂಪನ, ಬಲಕ್ಕೆ ಇಲ್ಲ ಎಂದು ಬರೆದ. ಅಷ್ಟು ಸಾಕಾಯ್ತು ನಮಗೆ. ಎಲ್ಲಿ ಹುಡುಕಬೇಕು ಎಂದು ಗೊತ್ತಾಯ್ತು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಗಗನಯಾತ್ರಿಯ ಮುಖ್ಯ ಕೆಲಸ ಅದೇ. ಮೈ ಹಿಂಡುತ್ತಿರುವಾಗಲೂ ಯಂತ್ರ ಏನು ಮಾಡಿತು ಎಂದು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಶುಕ್ಲಾ ಅವರು ಮೇಲೆ ಹೋಗಿ ಮಾಡಿದ್ದರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕೊಟ್ಟ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸುವ ಪ್ರಯೋಗವೂ ಇತ್ತು. ಅಲ್ಲಿ ಬೇಕಾದದ್ದು ಧೈರ್ಯಕ್ಕಿಂತ ಜಾಸ್ತಿ ಶ್ರದ್ಧೆ.

ಮೈ ಹಿಂಡುವುದು ಅಂದರೆ ಏನು? ಫೈಟರ್ ಜೋರಾಗಿ ತಿರುಗಿದಾಗ ತೂಕ ಹಲವು ಪಟ್ಟು ಆಗುತ್ತದೆ. 5 ಜಿ ಎಂದರೆ ಮಾಮೂಲಿ ತೂಕದ ಐದು ಪಟ್ಟು, 50 ಕೆಜಿಯ ಹುಡುಗಿಗೆ 250 ಕೆಜಿ ಆದ ಹಾಗೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ತೊಡೆ, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ಮೂರು ಮೂರು ಸೆಕೆಂಡಿಗೆ ಚಿಕ್ಕದಾಗಿ ಉಸಿರಾಡುತ್ತಾ ಅದನ್ನು ತಡೆಯಬೇಕು. ಬಾಹ್ಯಾಕಾಶ ನೌಕೆ ಏರುವಾಗ, ಇಳಿಯುವಾಗ ಗಗನಯಾತ್ರಿ ಬೆನ್ನ ಮೇಲೆ ಮಲಗಿದ ಹಾಗೆ ಇರುತ್ತಾರೆ. ಅಲ್ಲಿ ಭಾರ ಬೀಳುವುದು ಎದೆಯ ಮೇಲೆ, ಉಸಿರಾಡುವುದೇ ಕಷ್ಟ. ಎರಡೂ ಬೇರೆ ಬೇರೆ. ಆದರೆ ಒಂದನ್ನು ವರ್ಷಗಟ್ಟಲೆ ತಡೆದವರು ಇನ್ನೊಂದಕ್ಕೆ ಬೆದರುವುದಿಲ್ಲ.

ಫೈಟರ್ ಪೈಲಟ್ ಆದರೆ ಸಾಕಾ? ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನ ಯೋಜನೆಯ ಮೊದಲ ತಂಡಕ್ಕೆ ಸಾಕಾಗಲಿಲ್ಲ. ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ, ನಾಲ್ವರೂ ಟೆಸ್ಟ್ ಪೈಲಟ್‌ಗಳು. ಅಂದರೆ ವಿಮಾನವನ್ನು ಅದರ ಮಿತಿಯವರೆಗೆ ಹಾರಿಸಿ, ಬಂದು ಲೆಕ್ಕ ಕೊಡುವವರು. ಆ ಶಾಲೆ ಬೆಂಗಳೂರಿನಲ್ಲಿದೆ. ಈ ಗಗನಯಾತ್ರಿಗಳ ದೇಹ ಪರೀಕ್ಷೆ ಮಾಡಿದ ವಾಯುಪಡೆಯ ಸಂಸ್ಥೆಯೂ ಬೆಂಗಳೂರಿನದ್ದೇ.

ಈಗ ಸ್ವಲ್ಪ ಕಷ್ಟದ ಮಾತು. ಶುಕ್ಲಾ 2006ರಲ್ಲಿ ವಾಯುಪಡೆ ಅಧಿಕಾರಿ ಆದರು. ಬಾಹ್ಯಾಕಾಶಕ್ಕೆ ಹೋದದ್ದು 2025ರ ಜೂನ್ 25ಕ್ಕೆ. 19 ವರ್ಷ. ರಾಕೇಶ್ ಶರ್ಮಾ 1970ರಲ್ಲಿ ಸೇರಿ, 1971ರ ಯುದ್ಧದಲ್ಲಿ ಮಿಗ್-21 ಹಾರಿಸಿ, 1984ರ ಏಪ್ರಿಲ್‌ನಲ್ಲಿ ಹೋದರು. ಅವರ ಜೊತೆಗೇ ರವೀಶ್ ಮಲ್ಹೋತ್ರಾ ಎಂಬ ಪೈಲಟ್ ಕೂಡ ರಷ್ಯಾದಲ್ಲಿ ಪೂರ್ತಿ ತರಬೇತಿ ಮುಗಿಸಿದ್ದರು. ಶರ್ಮಾಗೆ ಏನಾದರೂ ಆದರೆ ಹೋಗಲಿ ಎಂದು. ಏನೂ ಆಗಲಿಲ್ಲ. ಮಲ್ಹೋತ್ರಾ ಹೋಗಲಿಲ್ಲ. 2025ರಲ್ಲಿ ಆ ಜಾಗದಲ್ಲಿ ನಿಂತವರು ನಾಯರ್. ಅಷ್ಟೇ ಓದು, ಅಷ್ಟೇ ಬೆವರು, ಆದರೆ ಸೀಟಿನಲ್ಲಿ ಇನ್ನೊಬ್ಬರು.

ನನಗೆ ಮಲ್ಹೋತ್ರಾ ಬಗ್ಗೆ ಬಹಳ ಗೌರವ. ನಿಮ್ಮ ಮಗಳಿಗೆ ಅವರ ಕಥೆಯನ್ನೂ ಹೇಳಿ. 'ಮೇಲೆ ಹೋಗಲು ಸಿಗದಿದ್ದರೂ ಪೈಲಟ್ ಆಗಿಯೇ ಇರಲು ಇಷ್ಟವಾ?' ಎಂದು ಕೇಳಿ. ಹೂಂ ಅಂದರೆ ಕಳಿಸಿ. ಬರೀ ರಾಕೆಟ್ ಬೇಕು ಅಂದರೆ ಇನ್ನೂ ಸ್ವಲ್ಪ ಮಾತಾಡಿ.

ಇನ್ನು ನೆಂಟರ ಮಾತು. ಶುಕ್ಲಾ ಅವರ ಹಾರಾಟ ಎಷ್ಟು ಸಲ ಮುಂದೆ ಹೋಯ್ತು ನೆನಪಿದೆಯಾ? ಒಮ್ಮೆ ಗಾಳಿ, ಒಮ್ಮೆ ರಾಕೆಟ್‌ನಲ್ಲಿ ಆಕ್ಸಿಜನ್ ಸೋರಿಕೆ. ಮೀನುಗಾರಿಕೆ ನಿಷೇಧ ಇರುವ ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆಯಲ್ಲಿ ಬೋಟ್ ಕಟ್ಟಿ ಕಾಯುವ ಮನೆಯಲ್ಲಿ ಬೆಳೆದವಳಿಗೆ ಇದು ಹೊಸತಲ್ಲ. ಗಗನಯಾನದ ನೌಕೆ ವಾಪಸ್ ಇಳಿಯುವುದೂ ಕಡಲಿಗೇ. 2023ರ ಅಕ್ಟೋಬರ್‌ನಲ್ಲಿ ಇಸ್ರೋ ಖಾಲಿ ನೌಕೆಯನ್ನು ಪರೀಕ್ಷೆಗೆ ಹಾರಿಸಿದಾಗ ಅದು ಬಂಗಾಳ ಕೊಲ್ಲಿಯಲ್ಲಿ ಬಿದ್ದು ಮಗುಚಿಕೊಂಡಿತ್ತು. ನೌಕಾಪಡೆಯ ಮುಳುಗುಗಾರರು ಹೋಗಿ ತಂದರು. ಹಾಗಾಗಿ ಗಗನಯಾತ್ರಿಗಳಿಗೆ ಕಡಲಲ್ಲಿ ಬದುಕುಳಿಯುವುದನ್ನೂ ಕಲಿಸುತ್ತಾರೆ. ಮಗಳಿಗೆ ಈಜು ಬರುತ್ತದಾ? ಬರದಿದ್ದರೆ ಮೊದಲು ಅದನ್ನು ಕಲಿಸಿ.

ಪ್ರಶ್ನೆ: ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ವಯಸ್ಸು 21. ಮೈನಸ್ ಪವರ್ ಕನ್ನಡಕ ಇದೆ. ಫೈಟರ್ ಪೈಲಟ್ ಆಗುವ ಆಸೆ ಬಿಟ್ಟುಬಿಡಲಾ?

ಉತ್ತರ: ವಯಸ್ಸಿನ ಚಿಂತೆ ಬೇಡ. ಎಎಫ್‌ಕ್ಯಾಟ್‌ನಲ್ಲಿ ಪೈಲಟ್ ವಿಭಾಗಕ್ಕೆ 20ರಿಂದ 24 ವರ್ಷದವರೆಗೆ ಅವಕಾಶ ಇದೆ. ಕಣ್ಣಿನದ್ದೇ ತೊಡಕು. ಕನ್ನಡಕ ಇಲ್ಲದೆ ಒಂದು ಕಣ್ಣಿಗೆ 6/6, ಇನ್ನೊಂದಕ್ಕೆ 6/9 ಇರಬೇಕು. ಮೈನಸ್ ಪವರ್ ಇದ್ದರೆ ನಡೆಯುವುದಿಲ್ಲ. ಲೇಸರ್ ಆಪರೇಷನ್ ಮಾಡಿಸಿಕೊಂಡವರಿಗೆ ಬೇರೆ ನಿಯಮಗಳಿವೆ. ವಾಯುಪಡೆಯ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಪೂರ್ತಿ ಓದದೆ, ಯಾರೋ ಹೇಳಿದರೆಂದು ಸುಮ್ನೆ ಹೋಗಿ ಕಣ್ಣಿಗೆ ಕೈ ಹಾಕಿಸಿಕೊಳ್ಳಬೇಡಿ.

ಅದೇ ಎಎಫ್‌ಕ್ಯಾಟ್‌ನಲ್ಲಿ ತಾಂತ್ರಿಕ ವಿಭಾಗ ಇದೆ. ಇಂಜಿನಿಯರ್‌ಗಳಿಗೆ ಅಲ್ಲಿ ಕನ್ನಡಕ ಇಷ್ಟು ದೊಡ್ಡ ಅಡ್ಡಿಯಲ್ಲ. ಪೈಲಟ್ ಬರೆದ ಫಾರ್ಮ್ 700 ಓದಿ, ಆ ವಿಮಾನ ಮತ್ತೆ ಹಾರಬಹುದು ಎಂದು ಸಹಿ ಮಾಡುವ ಕೆಲಸ. ನನ್ನ ಸಹಿ ನಂಬಿ ಒಬ್ಬ ಏಣಿ ಹತ್ತುತ್ತಾನೆ ಎನ್ನುವಾಗ ಕೈ ಎಷ್ಟು ಜಾಗ್ರತೆಯಾಗುತ್ತದೆ ಎಂದು ನನಗೆ ಗೊತ್ತು. ಇನ್ನೊಂದು ವರ್ಷ ಇದೆಯಲ್ಲ, ಎರಡೂ ವಿಭಾಗದ ನಿಯಮ ಓದಿ ನೋಡಿ, ಮತ್ತೆ ಬರೆಯಿರಿ.