ಸದ್ದಾಂ ಅರಮನೆಯಲ್ಲಿ ಆಮೇಲೆ ಯಾರಿದ್ದರು?

ಬಾಗ್ದಾದ್ ವಿಮಾನ ನಿಲ್ದಾಣದ ಹತ್ತಿರ ಇರಾಕಿನ ಆಗಿನ ಅಧ್ಯಕ್ಷ ಸದ್ದಾಂ ಹುಸೇನ್ ಕಟ್ಟಿಸಿದ ಅರಮನೆ 2003ರ ಅಮೆರಿಕ ಯುದ್ಧದಲ್ಲಿ ನೆಲಸಮ ಆಯ್ತಾ ಅಂತ ಕೇಳಿದ್ದೀರಿ. ಇಲ್ಲ, ಅಲ್-ಫಾ ಅರಮನೆ ಈಗಲೂ ನಿಂತಿದೆ. 1988ರಲ್ಲಿ ಇರಾನ್‌ನಿಂದ ದಕ್ಷಿಣ ಇರಾಕಿನ ಫಾ ಪ್ರದೇಶವನ್ನು ವಾಪಸ್ ಪಡೆದ ನೆನಪಿಗೆ ಕಟ್ಟಿಸಿದ್ದು. ಸುತ್ತಲೂ ತೋಡಿಸಿದ ಕೆರೆ, 60ಕ್ಕೂ ಜಾಸ್ತಿ ಕೋಣೆ. ಅದೂ ವಿಶ್ವಸಂಸ್ಥೆ ಹೇರಿದ ವ್ಯಾಪಾರ ದಿಗ್ಬಂಧನದಿಂದ ಜನ ಔಷಧಿಗೂ ಪರದಾಡುತ್ತಿದ್ದ 1990ರ ದಶಕದಲ್ಲಿ!

2003ರ ನಂತರ ಅಮೆರಿಕ ಸೇನೆ ಇದನ್ನೇ ಮುಖ್ಯ ಕಚೇರಿ ಮಾಡಿಕೊಂಡಿತು. ಆ ನೆಲೆಯ ಹೆಸರು ಕ್ಯಾಂಪ್ ವಿಕ್ಟರಿ. ಒಳಗೆ ಸಿಂಹಾಸನದಂಥ ದೊಡ್ಡ ಕುರ್ಚಿಯೊಂದಿತ್ತು, ಪ್ಯಾಲೆಸ್ತೀನ್ ನಾಯಕ ಯಾಸಿರ್ ಅರಾಫತ್ ಕೊಟ್ಟಿದ್ದಂತೆ. ಬಂದ ಸೈನಿಕರೆಲ್ಲ ಅದರಲ್ಲಿ ಸುಮ್ನೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಿಡುವಿದ್ದಾಗ ಕೆರೆಯಲ್ಲಿ ಗಾಳ ಹಾಕುತ್ತಿದ್ದರು. 2011ರ ಡಿಸೆಂಬರ್‌ನಲ್ಲಿ ಇರಾಕಿಗೆ ಒಪ್ಪಿಸಿದರು. 2021ರಿಂದ ಅಲ್ಲೊಂದು ಯೂನಿವರ್ಸಿಟಿ ನಡೆಯುತ್ತಿದೆ.