ಹಾಲಿನ ಲೆಕ್ಕಕ್ಕೆ ಮಾತ್ರ ಕೈ ಹಾಕಬೇಡಿ

ಪ್ರಶ್ನೆ: ಬಾಡಿಗೆ ಮನೆ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಯಜಮಾನರಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ, 22,000 ಸಂಬಳ. ಇಪ್ಪತ್ತನೇ ತಾರೀಖಿಗೇ ಕೈ ಖಾಲಿ. ದಿನಕ್ಕೆ ಒಂದು ಲೀಟರ್ ಹಾಲು ಜಾಸ್ತಿ ಆಯ್ತು, ಅರ್ಧ ಸಾಕು ಅಂತಾರೆ. ಬೇರೆ ದಾರಿ ಇದೆಯಾ? ಖರ್ಚಿನ ಪಟ್ಟಿ ಜೊತೆಗಿಟ್ಟಿದ್ದೇನೆ.
— ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ಹಾಲು ಕಮ್ಮಿ ಮಾಡಬೇಡಿ ತಾಯಿ. ಬೆಳೆಯುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ ಇರುವ ಮನೆಗೆ ಒಂದು ಲೀಟರ್ ಏನೂ ಜಾಸ್ತಿ ಅಲ್ಲ. ನಿಮ್ಮ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಹಾಲಿಗೆ ತಿಂಗಳಿಗೆ 1,400. ಅರ್ಧ ನಿಲ್ಲಿಸಿದರೆ ಉಳಿಯೋದು 700. ಅದರ ಕೆಳಗೇ 'ಮಕ್ಕಳ ಪ್ಯಾಕೆಟ್ ತಿಂಡಿ, ದಿನಕ್ಕೆ 30' ಅಂತ ಬರೆದಿದ್ದೀರಿ. ಅದು ತಿಂಗಳಿಗೆ 900 ಆಯ್ತು! ನಿಲ್ಲಬೇಕಾದ್ದು ಅದು.

ಮಂಡಕ್ಕಿ ಭಟ್ಟಿಗಳಿರುವ ಊರಲ್ಲಿದ್ದುಕೊಂಡು ಗಾಳಿ ತುಂಬಿದ ಪ್ಯಾಕೆಟ್ ಯಾಕೆ ಬೇಕು? ದೊಡ್ಡ ಬಾಣಲೆಗೆ ಸ್ವಲ್ಪ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಹಾಕಿ. ಬೆಳ್ಳುಳ್ಳಿ ಕೆಂಪಾದಾಗ ಉರಿ ಸಣ್ಣ ಮಾಡಿ ಕಡ್ಲೆಬೀಜ, ಪುಟಾಣಿ, ಅರಿಶಿನ ಹಾಕಿ. ಆಮೇಲೆ ಮಂಡಕ್ಕಿ ಸುರಿದು ಗರಿಗರಿ ಆಗುವ ತನಕ ಕೈಯಾಡಿಸಿ. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ರುಚಿ ನೋಡಿ ಹಾಕಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಬಿಸಿ ಇದ್ದಾಗ ಮುಚ್ಚಿದರೆ ಮೆತ್ತಗಾಗುತ್ತದೆ. ಸ್ಕೂಲಿಂದ ಬಂದ ಮಕ್ಕಳು ಬ್ಯಾಗ್ ಬಿಸಾಡಿ ಮೊದಲು ಆ ಡಬ್ಬಿಗೇ ಕೈ ಹಾಕುತ್ತಾರೆ.

ಇನ್ನು ಮೂಲೆ ಅಂಗಡಿಯ ಉದ್ರಿ. ಇವತ್ತು ಕಾಲು ಕೆಜಿ ಬೇಳೆ, ನಾಳೆ ಚಿಕ್ಕ ಎಣ್ಣೆ ಪ್ಯಾಕೆಟ್ ಅಂತ ತರುತ್ತಿದ್ದೀರಿ. ಎಣ್ಣೆ ಪ್ಯಾಕೆಟ್‌ಗಳೆಲ್ಲ ನೋಡಲು ಒಂದೇ ಥರ. ಒಂದರಲ್ಲಿ ಪೂರ್ತಿ ಲೀಟರ್ ಇದ್ದರೆ ಇನ್ನೊಂದರಲ್ಲಿ 850 ಎಂಎಲ್ ಮಾತ್ರ ಇರಬಹುದು. ಎಂಆರ್‌ಪಿ ಹತ್ತಿರವೇ ಗ್ರಾಂಗೆ ಅಥವಾ ಎಂಎಲ್‌ಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಓದಿ ಹೋಲಿಸಿ. ದೊಡ್ಡದೇ ಅಗ್ಗ ಅಂತಲೂ ಅಂದುಕೊಳ್ಳಬೇಡಿ. ಕೆಲವು ಶಾಂಪೂಗಳಲ್ಲಿ ಬಾಟಲಿಗಿಂತ ಸ್ಯಾಷೆಯೇ ಕಡಿಮೆಗೆ ಬೀಳುತ್ತದೆ.

ಹಿಂದೆ ನಮ್ಮ ಕಡೆ ಬೇಸಿಗೆಯಲ್ಲಿ ವರ್ಷದ ಸಾಮಾನು ತುಂಬಿಸುತ್ತಿದ್ದರಲ್ವಾ, ಅದು ಈಗಲೂ ಲಾಭವೇ. ಆದರೆ ಎಲ್ಲವನ್ನೂ ಒಟ್ಟಿಗೆ ತರಲು ಸಾಲ ಮಾಡಬೇಡಿ. ಈ ಸಲ ಹುಣಸೆಹಣ್ಣು ಒಂದೇ ಸಾಕು. ಹೊಸ ಹಣ್ಣು ಬಂದಾಗ ತಂದು, ಬೀಜ-ನಾರು ತೆಗೆದು, ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿಡಿ. ಮುಂದಿನ ವರ್ಷ ಮೆಣಸಿನಕಾಯಿ ಸೇರಿಸಿಕೊಳ್ಳಿ.

ತಿಂಗಳಿಗೊಮ್ಮೆ ಮನೆಯವರೆಲ್ಲ ಬೆಣ್ಣೆದೋಸೆಗೆ ಹೋಗುತ್ತೇವೆ, ಅದನ್ನೂ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ, ಸುಮ್ನೆ ಹೋಗಿ ಬನ್ನಿ. 1,800ರ ಮೊಬೈಲ್ ಕಂತು ಯಾವಾಗ ಮುಗಿಯುತ್ತದೆ ಅಂತ ಬರೆದಿಲ್ಲ. ಮುಗಿದ ತಿಂಗಳೇ ಅಷ್ಟು ದುಡ್ಡನ್ನು ಪೋಸ್ಟ್ ಆಫೀಸಿನ ಆರ್‌ಡಿಗೆ ತಿರುಗಿಸಿ. ಹೊಸ ಕಂತು ಬೇಡವೇ ಬೇಡ. ಈ ಲೆಕ್ಕ ಹಾಕುವಾಗ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು. ಹೋದ ತಿಂಗಳು ಪೂರ್ತಿ ಬಿಲ್ ಬಂದಿದೆ. ಯಾಕೆ?
— ಓದುಗರು, ಚಿತ್ರದುರ್ಗ

ಉತ್ತರ: ನೀವು ಕಳಿಸಿದ ಬಿಲ್‌ನಲ್ಲಿ 208 ಯೂನಿಟ್ ಇದೆ. 200 ದಾಟಿದರೆ ಅಷ್ಟಕ್ಕೂ ದುಡ್ಡು ಕಟ್ಟಬೇಕು. ಯೋಜನೆ ಶುರುವಾದಾಗ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಪ್ರತಿ ಮನೆಗೂ ಉಚಿತದ ಮಿತಿ ಇಟ್ಟರು. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ಬಿಲ್.

ನಿಮ್ಮ ಮನೆಯಲ್ಲಿ ಎಡವಿರೋದು ಗೀಸರ್ ಅನ್ನಿಸುತ್ತದೆ. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಒಬ್ಬರಾದ ಮೇಲೆ ಒಬ್ಬರು ತಡಮಾಡದೆ ಸ್ನಾನ ಮುಗಿಸಿ, ಸ್ವಿಚ್ ಆರಿಸಿ. ರೀಡಿಂಗ್ ಆದ ಹದಿನೈದನೇ ದಿನ ಮೀಟರ್ ನೋಡಿ ಬರೆದಿಡಿ. ಅಷ್ಟರಲ್ಲೇ 100 ದಾಟಿದ್ದರೆ ಉಳಿದ ದಿನ ಇಸ್ತ್ರಿ, ಗೀಸರ್ ಎರಡನ್ನೂ ಹಿಡಿತದಲ್ಲಿಡಿ.